ಪದವಿ ಪತ್ರದ ಅರಿಸಿನ ಕಲೆ

ಬ್ರಹ್ಮಾವರದ ಕಚೇರಿಯಲ್ಲಿ ದಾಖಲೆ ಪರಿಶೀಲನೆ ಇದೆ, ಮೂಲ ಪದವಿ ಪತ್ರವನ್ನೇ ತರಬೇಕು ಎಂದು ಕಳೆದ ವಾರ ನಮ್ಮ ಶಾಲೆಗೆ ಸುತ್ತೋಲೆ ಬಂತು. ಕಪಾಟಿನ ಮೇಲಿಂದ ಫೈಲು ಇಳಿಸಿ ಬಿಡಿಸಿದೆ. ಅರಿಸಿನದ ವಾಸನೆ ಮೂಗಿಗೆ ಬಡಿಯಿತು.

ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಂಥ ಪದವಿ ಪತ್ರದ ಬಲ ಮೂಲೆಯಲ್ಲಿ ರೂಪಾಯಿಯಗಲದ ಒಂದು ಹಳದಿ ಕಲೆ. ಆ ಕಲೆ ಮಾಡಿದ ಗಂಟು ಅದರ ಮೇಲೇ ಕೂತಿತ್ತು: ಅರಿಸಿನ ನೀರಿನಲ್ಲಿ ಅದ್ದಿದ ಬಟ್ಟೆಯ ಚೂರು, ಒಳಗೊಂದು ನಾಣ್ಯ. ನಾನೇ ಕಟ್ಟಿದ ತಪ್ಪು ಕಾಣಿಕೆ. ಒಣಗುವ ಮೊದಲೇ ಫೈಲಿಗೆ ಸೇರಿಸಿದ್ದೂ ನಾನೇ.

ನೀವು ನಮ್ಮ ಕಡೆಯವರಲ್ಲದಿದ್ದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದನ ಹಾಲು ಕೊಡದಿದ್ದರೆ, ದೋಣಿ ಖಾಲಿ ಮರಳಿದರೆ, ಮಗು ಬೆಚ್ಚಿ ಅತ್ತರೆ, ಯಾರಿಂದಲೋ ಏನೋ ತಪ್ಪಾಗಿದೆ ಎಂದು ಲೆಕ್ಕ. ಯಾರಿಂದ, ಏನು ಎಂದು ಯಾರೂ ಕೆದಕುವುದಿಲ್ಲ. ಮನೆಯಲ್ಲೊಬ್ಬರು ನಮ್ಮ ಕಡಲ ದೈವ ಬೊಬ್ಬರ್ಯನ ಗುಡಿಯ ದಿಕ್ಕಿಗೆ ಕೈಮುಗಿದು ತಪ್ಪಾಯ್ತು ಎಂದು ಹೇಳಿ ನಾಣ್ಯ ಕಟ್ಟಿಟ್ಟು, ಆಮೇಲೆ ಗುಡಿಯ ಡಬ್ಬಿಗೆ ಹಾಕುತ್ತಾರೆ. ಅಲ್ಲಿಗೆ ವಿಷಯ ಮುಗಿಯಿತು. ನಮ್ಮಲ್ಲಿ ಕಟ್ಟಿದ ಕಾಣಿಕೆಗಳಲ್ಲಿ ಅರ್ಧಕ್ಕರ್ಧ ಯಾರೂ ಮಾಡದ ತಪ್ಪುಗಳದ್ದು. ನನ್ನ ಎಸ್ಸೆಸ್ಸೆಲ್ಸಿ ಗಣಿತಕ್ಕೂ ಒಂದು ಕಟ್ಟಿದ್ದರು; ಅದು ಮಾತ್ರ ಖಂಡಿತ ನನ್ನದೇ ತಪ್ಪು.

ಬೀಜಾಡಿಯ ಜಲಜ ಚಿಕ್ಕಿ, ಎಂದರೆ ನನ್ನ ಅಮ್ಮನ ತಂಗಿ, ಆಗ ಬುಟ್ಟಿ ಹೊತ್ತು ಕೋಟೇಶ್ವರದ ಮನೆಗಳಿಗೆ ಮೀನು ಮಾರುತ್ತಿದ್ದಳು. ಕೊಯ್ದು ಕೊಡು ಎಂದವರಿಗೆ ಅವರ ಬಾವಿಕಟ್ಟೆಯ ಕಲ್ಲಿನ ಮೇಲೇ ಕೊಯ್ದು, ತೊಳೆದು ಕೊಡುತ್ತಿದ್ದಳು. ನಾನು ಡಿಗ್ರಿ ಓದಿದ್ದು ಅವಳ ಮನೆಯಲ್ಲಿದ್ದುಕೊಂಡು. ಬೆಳಿಗ್ಗೆ ಅವಳ ಜೊತೆ ಕೂತು ನಾಲ್ಕು ಬಂಗುಡೆ ಕೊಯ್ದು, ಎರಡು ಸಲ ಸೋಪು ಹಚ್ಚಿ ಕುಂದಾಪುರದ ಬಸ್ಸು ಹತ್ತುತ್ತಿದ್ದೆ. ಬಸ್ಸು ತುಂಬಿದ್ದರೂ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಕೈಯಲ್ಲಿ ದಪ್ಪ ಪುಸ್ತಕ ಕಂಡು ಜನ ಮರ್ಯಾದೆ ಕೊಡುತ್ತಿದ್ದಾರೆ ಎಂದು ಬಹಳ ದಿನ ನಂಬಿಕೊಂಡಿದ್ದೆ.

ಕೊನೆಯ ವರ್ಷ ರಾಜ್ಯಶಾಸ್ತ್ರದ ಮೇಷ್ಟ್ರು ಮೂಲಭೂತ ಹಕ್ಕುಗಳ ಪಾಠಕ್ಕೆ ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ತನ್ನ ವಿರುದ್ಧ ತಾನೇ ಸಾಕ್ಷಿಯಾಗು ಎಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ಪೊಲೀಸರೆದುರು ಒಪ್ಪಿಕೊಂಡ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ. ರುಜುವಾತಾಗುವ ತನಕ ಯಾರೂ ಅಪರಾಧಿಯಲ್ಲ. ಕೇಸುಗಳ ಹೆಸರು, ಇಸವಿ ಎಲ್ಲ ನನಗೆ ಬಾಯಿಪಾಠ. ಹತ್ತಕ್ಕೆ ಒಂಬತ್ತು ಅಂಕ ಬಂದಿತ್ತು. ಆ ಉತ್ತರ ಪತ್ರಿಕೆಯನ್ನು ಚಿಕ್ಕಿಗೆ ಓದಿ ಹೇಳಿದ್ದೆ. ಅವಳು ಮೀನಿನ ಕಿವಿರು ತೆಗೆಯುತ್ತ ಎಲ್ಲದಕ್ಕೂ ಹೂಂ ಹೂಂ ಎಂದಿದ್ದಳು.

ಅದಾಗಿ ತಿಂಗಳಾಗಿರಲಿಲ್ಲ. ಚಿಕ್ಕಿ ಮೀನು ಕೊಯ್ಯುವ ಒಂದು ಮನೆಗೆ ಮುಂಬೈಯಿಂದ ಮಗಳು, ಮೊಮ್ಮಗಳು ಬಂದಿದ್ದರು. ಮೊಮ್ಮಗಳು ಬಾವಿಕಟ್ಟೆಯಲ್ಲಿ ಕೈ ತೊಳೆಯುವಾಗ ಕಲ್ಲಿನ ಮೇಲೆ ಕಳಚಿಟ್ಟ ಚಿನ್ನದ ಬಳೆ ಕಾಣೆಯಾಯಿತು. ಅಲ್ಲಿ ಕೂತಿದ್ದವಳು ಚಿಕ್ಕಿ. ಮನೆಯವರು ದೂರು ಕೊಟ್ಟರು, ಪೊಲೀಸರು ಅವಳನ್ನು ಠಾಣೆಗೆ ಕರೆಸಿದರು. ಆ ಸಂಜೆ ನಾನು ಕಾಲೇಜಿನಿಂದ ಬಂದಾಗ ಚಿಕ್ಕಿ ನೆಮ್ಮದಿಯಾಗಿ ಗಂಜಿ ಉಣ್ಣುತ್ತಿದ್ದಳು.

"ಎಲ್ಲ ಮುಗೀತ್ ಹೆಣೆ," ಎಂದಳು. "ತಪ್ಪಾಯ್ತ್ ಅಂದೆ, ಬೊಬ್ಬರ್ಯನ ಹೆಸ್ರಂಗೆ ಅಲ್ಲೇ ಕಾಣ್ಕಿ ಕಟ್ಟಿದೆ. ಅವ್ರ್ ಬರ್ಕಂಡ್ರ್, ಹೆಬ್ಬೆಟ್ ಒತ್ತಿ ಬಂದೆ."

ಹತ್ತಕ್ಕೆ ಒಂಬತ್ತು ತೆಗೆದವಳು ನಾನು. ಕೇಳಿದ್ದು ಇಷ್ಟು: "ಹಂಗಾರೆ ಆ ಚಿನ್ನದ ಬಳಿ ಎಲ್ಲಿಟ್ಟೆ ಚಿಕ್ಕಿ?"

ಅವಳು ಅರ್ಧ ಉಳಿದ ಗಂಜಿಯನ್ನು ದನದ ಬಾನಿಗೆ ಸುರಿದು, ಬಟ್ಟಲು ತೊಳೆದು ಬೋರಲು ಹಾಕಿದಳು.

ವಿಷಯ ಮುಗಿದಿರಲಿಲ್ಲ, ಕೇಸಾಯಿತು. ಕುಂದಾಪುರದಲ್ಲಿ ಉಚಿತ ಕಾನೂನು ನೆರವಿನಿಂದ ಒಬ್ಬರು ವಕೀಲೆ ಸಿಕ್ಕಿದರು. ನಾನು ನೋಟ್ಸ್ ಪುಸ್ತಕ ಹಿಡಿದು ಅವರ ಮುಂದೆ ಕೂತು, ಅವರಿಗೇ ಮೂಲಭೂತ ಹಕ್ಕುಗಳ ಪಾಠ ಮಾಡಿದೆ. ಪಾಪ, ಪೂರ್ತಿ ಕೇಳಿಸಿಕೊಂಡರು. ಆಮೇಲೆ, ನೋಟ್ಸ್ ಚಂದ ಇದೆ, ಈಗ ನಿಮ್ಮ ಚಿಕ್ಕಿ ಏನು ಹೇಳುತ್ತಾರೆ ಕೇಳೋಣ ಎಂದರು.

ತೊಡಕಿದ್ದದ್ದು ಅಲ್ಲೇ. ಕದ್ದಿಲ್ಲ ಎಂದು ಕೋರ್ಟಿನಲ್ಲಿ ಹೇಳಲು ಚಿಕ್ಕಿ ತಯಾರಿರಲಿಲ್ಲ. ದೈವದ ಹೆಸರಿನಲ್ಲಿ ತಪ್ಪಾಯ್ತು ಎಂದಾಗಿದೆ, ಕಾಣಿಕೆ ಗುಡಿಗೆ ಸೇರಿದೆ. ಈಗ ಇಲ್ಲ ಎಂದರೆ ಕೊಟ್ಟದ್ದನ್ನು ವಾಪಸು ಕೇಳಿದ ಹಾಗಾಗುತ್ತದೆ ಎಂಬುದು ಅವಳ ಹೆದರಿಕೆ. ಹೇಳದಿದ್ದರೆ ಜೈಲಾಗುತ್ತದೆ ಎಂಬುದು ನನ್ನದು. ದಿನಗಟ್ಟಲೆ ಜಗಳವಾಡಿದೆ, ಕಣ್ಣೀರು ಹಾಕಿದೆ, ಪುಸ್ತಕ ತೋರಿಸಿದೆ. ಅವಳು ಜಗ್ಗಲಿಲ್ಲ.

ಇದನ್ನೆಲ್ಲ ಕೇಳಿ ವಕೀಲೆ ಕುರ್ಚಿಯನ್ನು ಚಿಕ್ಕಿಯ ಹತ್ತಿರಕ್ಕೆ ಎಳೆದುಕೊಂಡರು.

"ನೀವ್ ಕದ್ದಿಲ್ಲೆ ಅಂಬುದೂ ಬ್ಯಾಡ, ಕದ್ದಿದ್ದೆ ಅಂಬುದೂ ಬ್ಯಾಡ. ವಿಚಾರಣೆ ಆಯ್ಲಿ ಅಂದ್ರೆ ಸಾಕ್. ಕದ್ದದ್ದ್ ಹೌದಂದೇಳಿ ತೋರ್ಸುದ್ ಅವ್ರ ಕೆಲ್ಸ, ನಿಮ್ದಲ್ಲ."

"ಮತ್ತೆ ಹೆಬ್ಬೆಟ್ ಒತ್ತಿದ್ದ್?"

"ಅದನ್ನ ಕೋರ್ಟ್ ಲೆಕ್ಕಕ್ಕೆ ಹಿಡಿಯುದಿಲ್ಲೆ."

"ನಾನ್ ಬಾಯಿ ಮುಚ್ಕಂಡ್ ನಿಂತ್ರೆ ಬೈತ್ರಾ?"

"ಯಾರೂ ಬೈಯುದಿಲ್ಲೆ. ಸುಮ್ಮನಿಪ್ಪುದೂ ನಿಮ್ಮ ಹಕ್ಕೇ."

ಚಿಕ್ಕಿ ನನ್ನ ಕಡೆ ತಿರುಗಿ, ಇದನ್ನು ನೀನು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬಂತೆ ನೋಡಿದಳು. ನಾನು ಒಂಬತ್ತು ಅಂಕಕ್ಕೆ ಬರೆದದ್ದು ಇದನ್ನೇ. ಆದರೆ ಹೆದರಿದ ಒಬ್ಬ ಹೆಂಗಸು ಕೂರುವಷ್ಟು ಜಾಗ ಅದರೊಳಗಿದೆ ಎಂದು ನನಗೂ ಗೊತ್ತಿರಲಿಲ್ಲ. ದೊಡ್ಡ ತೀರ್ಪುಗಳೆಂದರೆ ದೆಹಲಿಯಲ್ಲಿ ದೊಡ್ಡವರಿಗಾಗಿ ಬರೆದದ್ದು ಎಂದುಕೊಂಡಿದ್ದೆ.

ಎರಡು ವರ್ಷ ವಾಯ್ದೆಗೆ ಓಡಾಡಿದೆವು. ನಾನು ಪದವಿ ಮುಗಿಸಿ ಬಿ.ಎಡ್. ಸೇರಿದೆ. ತೀರ್ಪಿನ ದಿನ ಚಿಕ್ಕಿ ಒಗೆದ ಸೀರೆ ಉಟ್ಟು ಕಟಕಟೆಯಲ್ಲಿ ಕೈಮುಗಿದು ನಿಂತಳು. ಕದ್ದದ್ದನ್ನು ಕಂಡವರಿಲ್ಲ, ಬಳೆ ಇವಳ ಬಳಿ ಸಿಕ್ಕಿಲ್ಲ, ಠಾಣೆಯಲ್ಲಿ ಒಪ್ಪಿದಳೆಂಬ ಕಾಗದವನ್ನು ಸಾಕ್ಷ್ಯವೆಂದು ಹಿಡಿಯುವಂತಿಲ್ಲ, ಬಿಡುಗಡೆ. ಅಷ್ಟೇ ಮಾತು. ಇಳಿಯಬಹುದೆಂದು ಅವಳಿಗೆ ತಿಳಿಯಲಿಲ್ಲ. ಜವಾನರು ಕೈಸನ್ನೆ ಮಾಡಿದ ಮೇಲೆ ಇಳಿದಳು. ಹೊರಗೆ ಬಂದವಳೇ ಮೀನು ಬರುವ ಹೊತ್ತಾಯಿತು ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಮಾತ್ರ ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಷ್ಟು ಹಗುರ ನಾನು ಪದವಿ ಸಿಕ್ಕ ದಿನವೂ ಆಗಿರಲಿಲ್ಲ.

ಬಳೆ ಇವತ್ತಿಗೂ ಸಿಕ್ಕಿಲ್ಲ. ಕಾಗೆಯೋ, ಚರಂಡಿಯೋ, ಯಾರಿಗೆ ಗೊತ್ತು. ಅದು ಸಿಗುವ ತನಕ ಕಾಯದೆ ಕೋರ್ಟು ಅವಳನ್ನು ಬಿಟ್ಟಿತು. ನಾನು ಒಂದು ಬಟ್ಟಲು ಗಂಜಿ ಮುಗಿಯುವ ತನಕವೂ ಕಾದಿರಲಿಲ್ಲ. ಆ ವಾರವೇ ಗುಟ್ಟಾಗಿ ಈ ನಾಣ್ಯ ಕಟ್ಟಿದೆ. ಚಿಕ್ಕಿಗೆ ಹೇಳಿ ಗುಡಿಗೆ ಹಾಕಬೇಕೆಂದಿದ್ದೆ. ಹೇಳಲಾಗಲಿಲ್ಲ, ಕೆಲಸ ಸಿಕ್ಕಿತು, ಮದುವೆಯಾಯಿತು, ಫೈಲು ಕಪಾಟು ಸೇರಿತು.

ಪರಿಶೀಲನೆಯ ದಿನ ಕಚೇರಿಯ ಗುಮಾಸ್ತರು ಪದವಿ ಪತ್ರದ ಮೂಲೆಯನ್ನು ಬೆರಳಿನಲ್ಲಿ ಉಜ್ಜಿ, ಇದೆಂತ ಟೀಚರೇ, ಸಾಂಬಾರಾ ಎಂದು ಕೇಳಿದರು. ತಪ್ಪು ಕಾಣಿಕೆಯ ಕಲೆ ಎಂದೆ. ತಟ್ಟನೆ ಕೈ ತೆಗೆದು, ಕೂತಲ್ಲೇ ಒಮ್ಮೆ ಕೈಮುಗಿದು ಮೊಹರು ಹಾಕಿದರು.

ಅಲ್ಲಿಂದ ಮನೆಗೆ ಹೋಗದೆ ಬೀಜಾಡಿಗೆ ಹೋದೆ. ಚಿಕ್ಕಿ ಈಗ ಬುಟ್ಟಿ ಹೊರುವುದಿಲ್ಲ. ಅಂಗಳದಲ್ಲೇ ಕೂತು ಮಾರುತ್ತಾಳೆ. ಅವಳ ಮುಂದೆ ಗಂಟು ಇಟ್ಟು, ಅವತ್ತು ಕೇಳಿದ್ದಕ್ಕೆ ಎಂದೆ. ಕತ್ತಿ ನಿಲ್ಲಿಸದೆ ಅವಳು ಒಂದು ಬಂಗುಡೆ ಪೂರ್ತಿ ಕೊಯ್ದಳು.

"ಪೊಲೀಸ್ರ್ ಕೇಂಡಾಗ ನಂಗೆ ಮಾತಿದ್ದಿತ್," ಎಂದಳು. "ನೀನ್ ಕೇಂಡಾಗಳೇ ಮಾತ್ ಹೋದ್ದ್."

ನಾನು ಸುಮ್ಮನಿದ್ದೆ. ಈ ಸಲ ಅದು ಹಕ್ಕಾಗಿರಲಿಲ್ಲ.

ಆಮೇಲೆ ಅವಳು ಕೈ ತೊಳೆದು, ಗಂಟನ್ನು ಮೂಸಿ ನಕ್ಕಳು. "ಇಷ್ಟ್ ವರ್ಷ ಇದನ್ನ ಒಳ್ಗಿಟ್ಕಂಡ್ ಎಂತಾ ಮಾಡ್ದೆ ಮಾರಾಯ್ತಿ? ನಡಿ, ಹಾಕಿ ಬಪ್ಪ."

ಇಬ್ಬರೂ ಗುಡಿಗೆ ನಡೆದೆವು. ಡಬ್ಬಿಯ ತಳಕ್ಕೆ ನಾಣ್ಯ ಬಿದ್ದ ಸದ್ದು ಕೇಳಿಸಿತು. ಚಿಕ್ಕಿ ಯಾರಿಂದ, ಏನು ಎಂದು ಕೆದಕದೆ ನನ್ನ ಪಕ್ಕ ನಿಂತು ಕೈಮುಗಿದಳು. ಮರಳಿ ಬಂದು, ಉಳಿದ ಬಂಗುಡೆಗಳನ್ನು ಇಬ್ಬರೂ ಕೊಯ್ದು ಮುಗಿಸಿದೆವು.

ಮನೆಗೆ ಮರಳುವ ಬ್ರಹ್ಮಾವರದ ಬಸ್ಸು ತುಂಬಿತ್ತು. ಸೋಪು ಹಚ್ಚದ ಕೈ ಮೀನು ನಾರುತ್ತಿತ್ತು, ಪಕ್ಕದ ಸೀಟು ಖಾಲಿ ಉಳಿಯಿತು. ಫೈಲನ್ನು ಅದರ ಮೇಲೆ ಮಲಗಿಸಿ, ಕಾಲು ಚಾಚಿ ಕೂತೆ.