‘ಸುಮಾರು’ ಎಂದವರು ಒಬ್ಬರು

ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳದೆ ಎದ್ದು ಹೋಗುವುದು ನನ್ನ ಕೈಲಾಗದು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ್ದರ ಫಲ ಇದು. ಬಸ್ಸಿನಲ್ಲಿ ಪಕ್ಕದವರು ತಮ್ಮಷ್ಟಕ್ಕೆ ತಾವೇ ‘ಇವತ್ತು ಯಾವ ವಾರ?’ ಅಂದುಕೊಂಡರೂ ಸಾಕು, ನಾನು ವಾರದ ಜೊತೆಗೆ ತಿಥಿಯನ್ನೂ ಸೇರಿಸಿ ಹೇಳಿ ಅವರನ್ನು ಕಕ್ಕಾಬಿಕ್ಕಿ ಮಾಡಿರುತ್ತೇನೆ. ಹೀಗಿರುವಾಗ, ಗ್ರಾಹಕರು ತಾವು ಕೊಂಡ ಸಾಮಾನಿನ ಬಗ್ಗೆ ಅಭಿಪ್ರಾಯ ಬರೆಯುವ ಒಂದು ಜಾಲತಾಣದಲ್ಲಿ, ಪ್ರತಿಯೊಂದು ವಿಮರ್ಶೆಯ ಕೆಳಗೂ ‘ಈ ವಿಮರ್ಶೆ ನಿಮಗೆ ಉಪಯೋಗವಾಯಿತೇ?’ ಎಂದು ಕೇಳಿದ್ದನ್ನು ಕಂಡು ನಾನು ಸುಮ್ಮನಿರುವುದು ಹೇಗೆ? ಉತ್ತರಗಳನ್ನೂ ಅವರೇ ಕೊಟ್ಟಿದ್ದರು. ತುಂಬಾ ಉಪಯುಕ್ತ, ಉಪಯುಕ್ತ, ಸುಮಾರು, ಉಪಯೋಗವಿಲ್ಲ. ಒಂದನ್ನು ಒತ್ತಿದರಾಯಿತು.

ನಾನು ಅಲ್ಲಿಗೆ ಹೋದದ್ದು ಮಿಕ್ಸಿ ಕೊಳ್ಳಲು. ಹದಿನಾಲ್ಕು ವರ್ಷ ದುಡಿದ ನಮ್ಮ ಮಿಕ್ಸಿ ಒಂದು ಬೆಳಿಗ್ಗೆ ಕಾಯಿಚಟ್ನಿಯ ನಡುವೆ ಪ್ರಾಣ ಬಿಟ್ಟಿತು. ‘ನಾಲ್ಕು ಜನ ಏನು ಬರೆದಿದ್ದಾರೆ ನೋಡಿ ತಗೋ’ ಅಂದರು ನಮ್ಮ ಯಜಮಾನರು. ನಾನು ನಾಲ್ಕಲ್ಲ, ನಲವತ್ತು ಜನರದ್ದು ನೋಡಿದೆ. ಮೂರು ದಿನದ ಮೇಲೂ ಮಿಕ್ಸಿ ಬಂದಿರಲಿಲ್ಲ. ನಲವತ್ತು ವಿಮರ್ಶೆಗಳಿಗೆ ಅಂಕ ಬಿದ್ದಿತ್ತು. ‘ನಿನಗೆ ಬೇಕಾಗಿದ್ದಿದ್ದು ಮಿಕ್ಸಿನೋ, ವ್ಯಾಲ್ಯುಯೇಷನ್ ಡ್ಯೂಟಿನೋ?’ ಎಂದು ಅವರು ಕೇಳಿದರು. ಅದೊಂದು ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡಲಿಲ್ಲ.

ನಿವೃತ್ತಿಯಾದ ಮೇಷ್ಟ್ರುಗಳಿಗೆ ಏನು ನೆನಪಾಗುತ್ತದೆಂದು ಕೇಳಿದರೆ ಎಲ್ಲರೂ ಮಕ್ಕಳು ಅನ್ನುತ್ತಾರೆ. ನನಗೆ ನೆನಪಾಗುವುದು ಮೌಲ್ಯಮಾಪನದ ಶಿಬಿರ. ಏಪ್ರಿಲ್ ಬಿಸಿಲು, ತಗಡಿನ ಕುರ್ಚಿ, ಕೆಂಪು ಶಾಯಿ, ಮುಂದೆ ಉತ್ತರಪತ್ರಿಕೆಗಳ ಕಟ್ಟು. ಹೆಸರಿಲ್ಲ, ಊರಿಲ್ಲ, ಬರೀ ಒಂದು ಸಂಖ್ಯೆ. ಆ ಕಟ್ಟಿನ ಮುಂದೆ ಕೂತಾಗ ನನಗೆ ನಾನೇ ಧರ್ಮರಾಯನ ಚಿಕ್ಕಮ್ಮನ ಮಗಳು ಅನ್ನಿಸುತ್ತಿತ್ತು. ಕಾಲು ಅಂಕ ಹೆಚ್ಚಿಲ್ಲ, ಕಾಲು ಅಂಕ ಕಡಿಮೆಯಿಲ್ಲ. ಆ ಸುಖವನ್ನು ಈ ಜಾಲತಾಣ ಮರಳಿ ಕೊಟ್ಟಿತು, ಅದೂ ಫ್ಯಾನಿನ ಕೆಳಗೆ, ದಿವಾನದ ಮೇಲೆ ಕಾಲು ಚಾಚಿಕೊಂಡು.

ನ್ಯಾಯವಾಗಿ ಅಂಕ ಕೊಡುವುದು ಸುಲಭವಲ್ಲ ಕಣ್ರೀ. ಒಬ್ಬರು ಇಸ್ತ್ರಿಪೆಟ್ಟಿಗೆಗೆ ಐದು ನಕ್ಷತ್ರ ಕೊಟ್ಟು ‘ತುಂಬಾ ಚೆನ್ನಾಗಿದೆ, ಇನ್ನೂ ಡಬ್ಬ ಬಿಚ್ಚಿಲ್ಲ’ ಎಂದು ಬರೆದಿದ್ದರು. ಪ್ರಾಮಾಣಿಕತೆಗೆ ಏನಾದರೂ ಕೊಡಬೇಕಲ್ಲ ಎಂದು ‘ಸುಮಾರು’ ಒತ್ತಿದೆ. ಇನ್ನೊಬ್ಬರು ಒಂದು ಹೊದಿಕೆಯ ಬಗ್ಗೆ, ‘ಚಿತ್ರದಲ್ಲಿರುವ ಬಣ್ಣ ಬೇರೆ, ಬಂದಿರುವ ಬಣ್ಣ ಬೇರೆ. ಹೀಗಾಗುತ್ತದೆಂದು ಹೆಂಡತಿಗೆ ಮೊದಲೇ ಹೇಳಿದ್ದೆ’ ಎಂದಿದ್ದರು. ಹೊದಿಕೆಯೂ ಸಂಸಾರವೂ ಎರಡೇ ವಾಕ್ಯದಲ್ಲಿ ಬಂದಿತ್ತು. ‘ತುಂಬಾ ಉಪಯುಕ್ತ’ ಕೊಟ್ಟೆ. ನನಗೆ ಮೆಚ್ಚುಗೆಯಾದದ್ದು ಏನೆಂದರೆ ಎಲ್ಲರೂ ಐದಾರು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರು. ಕೆಲವರದ್ದಂತೂ ವಾಕ್ಯದ ನಡುವೆಯೇ ನಿಂತುಹೋಗಿರುತ್ತಿತ್ತು. ಈಗಿನವರಿಗೆ ಬರೆದು ಮುಗಿಸುವ ತಾಳ್ಮೆಯಿಲ್ಲವೆಂದು ಅಂಥವರಿಗೆ ಒಂದು ಮೆಟ್ಟಿಲು ಕೆಳಗಿನ ಅಂಕ ಕೊಡುತ್ತಿದ್ದೆ.

ಹಾಗೆ ನೋಡಿದರೆ ನಮ್ಮ ಮೈಸೂರಿನವರಿಗೆ ವಿಮರ್ಶೆ ಹೊಸದೇನಲ್ಲ, ಬರೆದು ಹೆಸರು ಹಾಕುವುದು ಮಾತ್ರ ಹೊಸದು. ಮದುವೆ ಮನೆಗಳಲ್ಲಿ ಊಟದ ನಿಜವಾದ ಅಭಿಪ್ರಾಯ ಸಿಗುವುದು ಕೈತೊಳೆಯುವ ನಲ್ಲಿಯ ಹತ್ತಿರ. ‘ಸಾರು ಚೆನ್ನಾಗಿತ್ತು, ಪಾಪ’ ಅಂದರೆ ಉಳಿದದ್ದನ್ನು ಕೇಳಬೇಡಿ ಎಂದು ಅರ್ಥ. ಕೈ ಒರೆಸಿಕೊಂಡು ಹೆಣ್ಣಿನ ತಂದೆಯ ಎದುರು ಬರುವ ಹೊತ್ತಿಗೆ ಎಲ್ಲವೂ ಭರ್ಜರಿಯಾಗಿರುತ್ತದೆ. ನಮ್ಮ ಯಜಮಾನರ ಮುತ್ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರಂತೆ. ಬಂದ ತುಪ್ಪವನ್ನು ಅಂಗೈಗೆ ಹಾಕಿಕೊಂಡು ಮೂಸಿ ಉತ್ತಮ, ಮಧ್ಯಮ, ಸಾಧಾರಣ ಎಂದು ಪಟ್ಟಿಯಲ್ಲಿ ಬರೆಯುವುದು ಅವರ ಕೆಲಸ. ಕೆಟ್ಟದ್ದು ಎಂಬ ಮಾತನ್ನು ಆಯುಷ್ಯದಲ್ಲೇ ಬರೆದವರಲ್ಲವಂತೆ. ತೀರಾ ಕಮಟು ವಾಸನೆ ಬಂದರೆ ‘ದೀಪಕ್ಕೆ ಉತ್ತಮ’ ಎನ್ನುತ್ತಿದ್ದರಂತೆ. ಈ ವಂಶಕ್ಕೆ ಸೊಸೆಯಾಗಿ ಬಂದ ನಾನು ಮಾತ್ರ ಕೆಂಪು ಶಾಯಿಯವಳು.

ಈ ಕೆಂಪು ಶಾಯಿ ವಿಮಲಳ ಮೇಲೆ ಚೆಲ್ಲಿದ್ದು ಹೀಗೆ.

ವಿಮಲ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಜಯಲಕ್ಷ್ಮಿಪುರಂನ ಈ ಮನೆಯಲ್ಲಿ ಹನ್ನೊಂದು ವರ್ಷ ನಮ್ಮಿಬ್ಬರದೂ ಒಂದೇ ಅಡುಗೆಮನೆ. ಆಮೇಲೆ ಅವರು ಹಿನಕಲ್‌ನಲ್ಲಿ ಮನೆ ಕಟ್ಟಿಕೊಂಡು ಹೋದರು. ದಿನಕ್ಕೊಂದು ಫೋನು, ವಾರಕ್ಕೊಂದು ಭೇಟಿ ತಪ್ಪಿದ್ದಿಲ್ಲ. ನಾನು ಈ ಜಾಲತಾಣದ ಪುರಾಣವನ್ನು ಹೇಳಿ ಹೇಳಿ ಅವಳಿಗೂ ಹುಚ್ಚು ಹತ್ತಿಸಿದ್ದೆ. ಒಂದು ಮಧ್ಯಾಹ್ನ ಫೋನು ಮಾಡಿ, ‘ಅಕ್ಕ, ನಾನೂ ಬರ್ದಿದೀನಿ ಕಣಕ್ಕ, ನಮ್ಮ ಹೊಸ ಗ್ರೈಂಡರ್ ಬಗ್ಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಆದ್ಮೇಲೆ ಇಷ್ಟೊಂದು ಬರ್ದಿದ್ದೇ ಇಲ್ಲ. ನೀನು ಓದಿ ಒಂದು ಒತ್ಬುಡು’ ಅಂದಳು. ದನಿಯಲ್ಲಿ ಏನೋ ನಡುಕ ಇತ್ತು. ಮೊದಲ ಸಲ ಬರೆದವರಿಗೆ ಅದು ಸಹಜ ಅಂದುಕೊಂಡೆ.

ತೆರೆದು ನೋಡಿದೆ. ‘ನಮ್ಮದು ಹಿನಕಲ್. ನಮ್ಮ ಅತ್ತೆಯವರು ಇದ್ದಾಗ ಬಂದವರಿಗೆಲ್ಲ ಇಡ್ಲಿ ಅಂದರೆ ನಮ್ಮ ವಿಮಲಂದು ಅಂತ ಹೇಳುತ್ತಿದ್ದರು. ಹಿಟ್ಟು ಚೆನ್ನಾಗಿದ್ದರೆ ತಾನೇ ಇಡ್ಲಿ. ಗ್ರೈಂಡರ್ ವಿಷಯ ಹೇಳುವ ಮುಂಚೆ ಒಂದು ಮಾತು ಹೇಳಬೇಕು’ ಎಂದಿತ್ತು. ಅಲ್ಲಿಗೇ ನಿಂತುಹೋಗಿತ್ತು.

ಗ್ರೈಂಡರ್ ಎಷ್ಟು ಹೊತ್ತು ತಿರುಗುತ್ತದೆ, ಎಷ್ಟು ಸದ್ದು ಮಾಡುತ್ತದೆ, ಒಂದಕ್ಷರ ಇಲ್ಲ. ವಿಷಯಾಂತರ, ಅಪೂರ್ಣ. ಬೇರೆ ಯಾರೇ ಆಗಿದ್ದರೂ ‘ಉಪಯೋಗವಿಲ್ಲ’ ಎನ್ನಬೇಕಿತ್ತು, ನಮ್ಮವಳೆಂದು ‘ಸುಮಾರು’ ಒತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ‘ಇಡ್ಲಿ ಅಂದರೆ ನಮ್ಮ ವಿಮಲಂದು’ ಎಂಬ ಆ ಮಾತು ಓದಿದೊಡನೆ ನನಗೆ ಎದೆಯಲ್ಲಿ ಚುರುಕ್ ಅಂದಿತ್ತು. ಹನ್ನೊಂದು ವರ್ಷ ಆ ಮಾತನ್ನು ಬಂದವರೆದುರು, ನಾನೂ ಅಲ್ಲೇ ನಿಂತಿರುವಾಗ, ಕೇಳಿದ್ದೇನೆ. ಶಿಬಿರದಲ್ಲಿ ಹೆಸರು ಮರೆಮಾಡಿ ಸಂಖ್ಯೆ ಹಾಕುತ್ತಿದ್ದದ್ದು ಯಾಕೆಂದು ಆ ಹೊತ್ತಿಗೆ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಲ್ಲಿ ಯಾರು ಏನು ಒತ್ತಿದರೆಂಬುದೂ ಕಾಣುತ್ತದೆ. ‘ಸುಮಾರು ಎಂದವರು ಒಬ್ಬರು’ ಎಂದು ಬಂದು, ಅದರ ಪಕ್ಕದಲ್ಲಿ ನನ್ನ ಪೂರ್ತಿ ಹೆಸರು, ಜೊತೆಗೆ ನಾನೇ ಹೆಮ್ಮೆಯಿಂದ ಸೇರಿಸಿದ್ದ ‘ನಿವೃತ್ತ ಮುಖ್ಯೋಪಾಧ್ಯಾಯಿನಿ’.

ಮರುದಿನ ಫೋನಿಲ್ಲ. ಅದರ ಮರುದಿನವೂ ಇಲ್ಲ. ನಾನು ಮಾಡಿದರೆ ‘ಸ್ವಲ್ಪ ಕೆಲಸ ಇದೆ’ ಎಂಬ ಉತ್ತರ. ಭಾನುವಾರ ಹಿನಕಲ್‌ಗೆ ಹೋದೆ. ಮೈಸೂರಿನವರು ಕೋಪ ಬಂದರೆ ಕೂಗಾಡುವುದಿಲ್ಲ, ಮರ್ಯಾದೆ ಹೆಚ್ಚು ಮಾಡುತ್ತಾರೆ. ಸೀದಾ ಅಡುಗೆಮನೆಗೆ ನುಗ್ಗುವ ನನ್ನನ್ನು ವಿಮಲ ನಡುಮನೆಯ ಸೋಫಾದಲ್ಲಿ ಕೂರಿಸಿದಳು. ಸಾಸರಿನ ಮೇಲೆ ಕಪ್ಪಿಟ್ಟು, ‘ಕಾಫಿ ತಗೊಳ್ಳಿ ಮೇಡಂ, ಸಕ್ಕರೆ ಸರಿಯಾಗಿದ್ಯಾ ನೋಡಿ. ನಮಗೆ ಅಷ್ಟು ಚೆನ್ನಾಗಿ ಬರಲ್ಲ’ ಅಂದಳು. ನನ್ನನ್ನು ಅಕ್ಕ ಅಂದವಳು, ನೀನು ಅಂದವಳು. ಅರ್ಧ ಕಪ್ಪು ಕಾಫಿ ಅಲ್ಲೇ ಬಿಟ್ಟು ಎದ್ದೆ. ಅಂಕ ಅಂದಮೇಲೆ ಅಂಕ, ಇದಕ್ಕೆಲ್ಲ ಮುನಿಸಿಕೊಂಡರೆ ಹೇಗೆ ಎಂದು ದಾರಿಯುದ್ದಕ್ಕೂ ನನ್ನನ್ನು ನಾನು ಸಮರ್ಥಿಸಿಕೊಳ್ಳುತ್ತಾ ಮನೆಗೆ ಬಂದೆ. ಮನೆ ಮಾತ್ರ ಬಿಕೋ ಅನ್ನುತ್ತಿತ್ತು. ಮಾತಾಡಲು ಅವಳಷ್ಟು ಹಳೆಯ ಸ್ನೇಹಿತೆ ನನಗೆ ಇನ್ನೊಬ್ಬಳಿಲ್ಲ.

ಎರಡು ವಾರ ಹೀಗೇ ಕಳೆಯಿತು. ಒಂದು ಸಂಜೆ ಯಜಮಾನರು ನನ್ನ ಫೋನು ತೆಗೆದುಕೊಂಡು, ಅಷ್ಟಕ್ಕೂ ಅವಳು ಬರೆದದ್ದೇನು ನೋಡೋಣ ಎಂದು ಓದುತ್ತಾ ಕೂತರು. ಐದು ಸಾಲಿಗೆ ಎಷ್ಟು ಹೊತ್ತು ಬೇಕು? ಅವರು ಓದುತ್ತಲೇ ಇದ್ದರು. ಕೊನೆಗೆ ಕನ್ನಡಕ ತೆಗೆದು, ‘ನಿನ್ನ ವಿಷಯಾನೇ ಬರ್ದಿದಾಳಲ್ಲೇ’ ಅಂದರು.

‘ನನ್ನ ವಿಷಯವೇ? ಎಲ್ಲಿ?’

‘ಕೆಳಗೆ ಕಣೇ. ಇಲ್ಲಿ ಇನ್ನಷ್ಟು ಓದಿ ಅಂತ ಇದೆಯಲ್ಲ, ಅದನ್ನ ಒತ್ತಿದ್ರೆ ಬಿಚ್ಚಿಕೊಳ್ಳುತ್ತೆ.’

ಬೂದು ಬಣ್ಣದ ಆ ಸಣ್ಣ ಅಕ್ಷರಗಳನ್ನು ನಾನು ಮೊದಲಿನಿಂದಲೂ ನೋಡಿದ್ದೆ. ಜಾಹೀರಾತಿರಬೇಕು, ಮುಟ್ಟಿದರೆ ಬ್ಯಾಂಕಿನ ದುಡ್ಡು ಹೋದೀತು ಎಂದು ಬೆರಳು ದೂರ ಇಟ್ಟಿದ್ದೆ. ಅಂದರೆ ಇಷ್ಟು ತಿಂಗಳೂ ನಾನು ತಿದ್ದಿದ್ದು ಎಲ್ಲರ ಮೊದಲ ಪುಟವನ್ನು ಮಾತ್ರ. ಶಿಬಿರದಲ್ಲಿ ಹೊಸಬರು ಬಂದಾಗಲೆಲ್ಲ ‘ಕೊನೆ ಹಾಳೆ ತಿರುವಿ ನೋಡದೆ ಟೋಟಲ್ ಹಾಕಬೇಡಿ’ ಎಂದು ಗಂಟಲು ಹರಿದುಕೊಂಡವಳು ನಾನೇ. ಮರುಮೌಲ್ಯಮಾಪನಕ್ಕೆ ಬರುವ ಪತ್ರಿಕೆಗಳಲ್ಲಿ ಅರ್ಧ ಈ ತಪ್ಪಿನವೇ. ಫೋನು ಕಿತ್ತುಕೊಂಡು ಆ ಬೂದು ಅಕ್ಷರಗಳನ್ನು ಒತ್ತಿದೆ.

‘ಆ ಇಡ್ಲಿ ಬೇಯಿಸುತ್ತಿದ್ದವಳು ಮಾತ್ರ ನಾನು. ಹಿಂದಿನ ಸಂಜೆ ಸ್ಕೂಲಿಂದ ಬಂದು, ಸೆರಗು ಸಿಕ್ಕಿಸಿಕೊಂಡು, ಒರಳಿನಲ್ಲಿ ಹಿಟ್ಟು ರುಬ್ಬಿ ಇಡುತ್ತಿದ್ದವರು ನಮ್ಮ ಅಕ್ಕ. ಅತ್ತೆಯವರು ಆ ಹೊತ್ತಿನಲ್ಲಿ ಹರಿಕಥೆಗೆ ಹೋಗಿರುತ್ತಿದ್ದರು. ಬೆಳಿಗ್ಗೆ ಅವರು ತಿಂಡಿಗೆ ಕೂರುವಾಗ ಅಕ್ಕ ಸ್ಕೂಲಿಗೆ ಹೋಗಿರುತ್ತಿದ್ದರು. ಹೊಗಳಿಕೆ ಎಲ್ಲ ನನಗೆ ಬಂತು. ಅತ್ತೆಯವರಿಗೆ ನಾನು ಹೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ನಾನು ಹೇಳಬೇಕಿತ್ತು. ಈ ಗ್ರೈಂಡರಿನಲ್ಲಿ ಮೊದಲ ಸಲ ಹಿಟ್ಟು ಉಬ್ಬಿ ಬಂದಾಗ ಅಕ್ಕನ ಹಿಟ್ಟಿನ ಹಾಗೇ ಇತ್ತು, ಅದಕ್ಕೇ ಬರೆಯುತ್ತಿದ್ದೇನೆ.’

ಅದಾದ ಮೇಲೆ ಗ್ರೈಂಡರಿನ ಸಂಗತಿ, ಅಚ್ಚುಕಟ್ಟಾಗಿ. ಉದ್ದು ಎಷ್ಟು ಹೊತ್ತು, ಅಕ್ಕಿ ಎಷ್ಟು ಹೊತ್ತು, ಹಿಟ್ಟು ಬಿಸಿಯಾಗದಿರಲು ತಣ್ಣೀರು ಹೇಗೆ ಚಿಮುಕಿಸಬೇಕು, ಬೆಲ್ಟು ಸಡಿಲವಾದರೆ ಮಂಡಿ ಮೊಹಲ್ಲಾದಲ್ಲಿ ನಿಂತ ನಿಲುವಿನಲ್ಲೇ ಬದಲಾಯಿಸಿಕೊಡುತ್ತಾರೆ, ತಿರುಗುವಾಗ ಕಾಲಿಂಗ್ ಬೆಲ್ ಕೇಳಿಸುವುದಿಲ್ಲ, ಹಾಲಿನವನಿಗೆ ಮೊದಲೇ ಹೇಳಿಡಿ. ಇಷ್ಟು ಉಪಯೋಗದ ವಿಮರ್ಶೆಯನ್ನು ಆ ಜಾಲತಾಣದಲ್ಲಿ ನಾನು ಓದಿರಲಿಲ್ಲ. ಓದಿರಲಿಲ್ಲ ಅನ್ನುವುದಕ್ಕೆ ಬೇರೆ ಕಾರಣವೂ ಇತ್ತೆನ್ನಿ.

ನನಗೆ ಅಳು ಬಂತು. ಕಣ್ಣೊರೆಸಿಕೊಂಡು ‘ತುಂಬಾ ಉಪಯುಕ್ತ’ ಒತ್ತಲು ಹೊರಟವಳು ಅಲ್ಲೇ ತಡೆದೆ. ಮೊದಲು ಹೊಟ್ಟೆಕಿಚ್ಚಿನಲ್ಲಿ ಅಂಕ ಕೊಟ್ಟೆ, ಈಗ ಹೊಗಳಿದಳೆಂದು ಕೊಡುತ್ತಿದ್ದೇನೆ. ಇದು ಯಾವ ಸೀಮೆಯ ನ್ಯಾಯ? ನಮ್ಮ ಅಲಂಕಾರಶಾಸ್ತ್ರದವರು ಕಾವ್ಯಕ್ಕೆ ಸಹೃದಯ ಬೇಕು ಅಂದರು, ಅವನ ಮನಸ್ಸು ತಿಳಿಯಾದ ಕನ್ನಡಿಯ ಹಾಗಿರಬೇಕು ಅಂದರು. ಆ ಕನ್ನಡಿಯಲ್ಲಿ ಅವನ ಮೂತಿಯೇ ಕಂಡರೆ ಏನು ಮಾಡಬೇಕೆಂದು ಹೇಳಿದ್ದರೋ ಏನೋ, ನನಗೆ ಗೊತ್ತಿಲ್ಲ. ಶಿಬಿರದಲ್ಲಿ ಮಾತ್ರ ಅದಕ್ಕೆ ನಿಯಮ ಇತ್ತು. ಹತ್ತಿರದ ನೆಂಟರು ಪರೀಕ್ಷೆಗೆ ಕೂತಿದ್ದರೆ ನಾವು ಆ ವರ್ಷ ತಿದ್ದುವ ಹಾಗಿಲ್ಲ. ನನ್ನ ‘ಸುಮಾರು’ ಅನ್ನು ಹಿಂದಕ್ಕೆ ತೆಗೆದುಕೊಂಡು, ಸೀರೆ ಬದಲಿಸಿ, ಆಟೋ ಹಿಡಿದು ಹಿನಕಲ್‌ಗೆ ಹೋದೆ.

ಬಾಗಿಲು ತೆರೆದ ವಿಮಲಳಿಗೆ ಮೆಟ್ಟಿಲ ಮೇಲೇ ನಿಂತು ಹೇಳಿಬಿಟ್ಟೆ. ‘ವಿಮಲ, ನಾನು ಪೂರ್ತಿ ಓದಿರ್ಲಿಲ್ಲ ಕಣೇ. ಕೆಳಗೆ ಇನ್ನೂ ಇದೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ. ಈಗ ಓದ್ದೆ.’

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದಳು. ‘ಓದಿರ್ಲಿಲ್ವಾ? ಅಯ್ಯೋ ಅಕ್ಕ, ಹದಿನೈದು ದಿನದಿಂದ ನಂಗೆ ನಿದ್ದೆ ಇಲ್ಲ. ಅಂಕ ಯಾರಿಗ್ ಬೇಕಿತ್ತು? ಇಷ್ಟು ವರ್ಷ ಆದ್ಮೇಲೆ ತಪ್ಪಾಯ್ತು ಅಂತ ಬರ್ದ್ರೆ, ಅದನ್ನೋದಿ ಸುಮಾರು ಅಂದ್ಬುಟ್ಲಲ್ಲ ನಮ್ಮಕ್ಕ ಅಂತ ಬೆಂದ್ಹೋಗಿದ್ದೆ ಕಣಕ್ಕ.’

ನನ್ನ ಮೂವತ್ತೆರಡು ವರ್ಷದ ಕೆಂಪು ಶಾಯಿ ಅಲ್ಲೇ ಆವಿಯಾಯಿತು. ಇಬ್ಬರೂ ಬಾಗಿಲಲ್ಲೇ ಒಂದಿಷ್ಟು ಅತ್ತು, ಒಂದಿಷ್ಟು ನಕ್ಕು, ಎದುರುಮನೆಯವರು ಇಣುಕಿದ ಮೇಲೆ ಒಳಗೆ ಹೋದೆವು. ಕಣ್ಣು ಮೂಗು ಒರೆಸಿಕೊಂಡ ವಿಮಲ ಮೆಲ್ಲಗೆ ಕೇಳಿದಳು.

‘ಮತ್ತೆ ಈಗ ಏನು ಒತ್ತಿದೆ?’

‘ಏನೂ ಒತ್ತಿಲ್ಲ. ಇದ್ದಿದ್ದನ್ನೂ ತೆಗ್ದೆ. ನೆಂಟರ ಪೇಪರು ನಾವು ತಿದ್ದೋ ಹಾಗಿಲ್ಲ.’

‘ಚೆನ್ನಾಗಿದೆ ಬುಡು ನ್ಯಾಯ’ ಅಂದಳು ವಿಮಲ. ‘ಸುಮಾರಾದ್ರೂ ಒಂದಿತ್ತು, ಅದನ್ನೂ ಕಿತ್ಕೊಂಡು ಬಂದ್ಯಾ?’