ಜಮುನಾ ಬಿಟ್ಟು ಹೋದ ನೀರು

ದೆವ್ವ, ಶಕುನ ಎಂದು ಯಾರಾದರೂ ಶುರು ಹಚ್ಚಿದರೆ ನಾನು ಎದ್ದು ಚಹಾ ಮಾಡಲು ಹೋಗುತ್ತಿದ್ದವಳು. ಧಾರವಾಡದಲ್ಲಿ ಭೂಗೋಳ ಕಲಿಸಿದವಳಿಗೆ, ನೀರು ಇಳಿಜಾರಿಗೆ ಹರಿಯುತ್ತದೆ ಎಂಬುದಕ್ಕಿಂತ ದೊಡ್ಡ ನಂಬಿಕೆ ಬೇಕಿರಲಿಲ್ಲ. ಈಗಲೂ ಹಾಗೇ ಹೇಳಬೇಕೆಂದಿದೆ. ಆದರೆ ಆ ಮರಳಿನ ಟ್ರೇ ಅಡ್ಡ ಬರುತ್ತದೆ.

ತೊಂಬತ್ತರ ದಶಕದ ಕೊನೆ. ಲಂಡನ್ನಿನ ಹೌನ್ಸ್ಲೋದಲ್ಲಿದ್ದೆವು. ವಿಮಾನದ ಊಟದ ತಟ್ಟೆ ತುಂಬುವ ಕೆಲಸ ಮಾಡಿ ಮಾಡಿ ಬೇಸತ್ತಿದ್ದೆ. ಎಷ್ಟೋ ಅರ್ಜಿಗಳ ನಂತರ ಒಂದು ಶಾಲೆಯವರು, ಒಂದು ಪಾಠ ಮಾಡಿ ತೋರಿಸಿ, ಹಿಡಿಸಿದರೆ ಕೆಲಸ ಎಂದರು. ನಾನು ಬ್ರಹ್ಮಪುತ್ರವನ್ನು ಆರಿಸಿಕೊಂಡೆ. ಟಿಬೆಟ್‌ನಲ್ಲಿ ತ್ಸಾಂಗ್ಪೊ, ಅರುಣಾಚಲದಲ್ಲಿ ಸಿಯಾಂಗ್, ಅಸ್ಸಾಂನಲ್ಲಿ ಬ್ರಹ್ಮಪುತ್ರ, ಬಾಂಗ್ಲಾದೇಶದಲ್ಲಿ ಜಮುನಾ. ಜಡೆಯಂತೆ ಬಿಡಿಸಿಕೊಂಡು ಮತ್ತೆ ಹೆಣೆದುಕೊಳ್ಳುವ ಆ ನದಿಯನ್ನು ಮರಳಿನಲ್ಲಿ ಕೊರೆದು, ಹೆಸರಿನ ಚೀಟಿ ನೆಟ್ಟು, ನೀರು ಹರಿಸಿ ತೋರಿಸುವುದೆಂದುಕೊಂಡೆ.

ಪಾಠದ ಹಿಂದಿನ ದಿನ, ಚಳಿಗಾಲದ ಸಂಜೆ, ಅಡುಗೆಮನೆಯ ಮೇಜಿನ ಮೇಲೆ ಟ್ರೇ ಇಟ್ಟು ಒಂದು ತಂಬಿಗೆ ನೀರು ಸುರಿದೆ. ಅಸ್ಸಾಂ ದಾಟುವವರೆಗೆ ಸರಿಯಾಗಿಯೇ ಹೋಯಿತು. ಆಮೇಲೆ ನಾನು ಕೊರೆದ ಜಮುನಾವನ್ನು ಬಿಟ್ಟು, ಪೂರ್ವಕ್ಕೆ ತಾನೇ ದಾರಿ ಮಾಡಿಕೊಂಡಿತು. ಮರಳು ಸರಿಪಡಿಸಿ ಮತ್ತೆ ಸುರಿದೆ. ಮತ್ತೆ ಅಲ್ಲಿಗೇ.

“ಟೇಬಲ್ ಸೊಟ್ಟ ಇರಬೇಕ ನೋಡು,” ಎಂದರು ನಮ್ಮ ಯಜಮಾನರು. ಪೂರ್ವದ ಅಂಚಿಗೆ ದಪ್ಪ ಪುಸ್ತಕ ಕೊಟ್ಟು ಎತ್ತರಿಸಿದೆ. ನೀರು ಏರು ಹತ್ತಿತು. “ಕೂಲ್! ಡು ಇಟ್ ಅಗೇನ್, ಅಮ್ಮಾ,” ಎಂದಳು ಮಗಳು. ನನಗೆ ಅಳು ಬರುವಷ್ಟು ಸಿಟ್ಟು.

ಅಷ್ಟರಲ್ಲಿ ಪಕ್ಕದ ಮನೆಯ ನಸ್ರೀನ್ ನಮ್ಮ ಪಾತ್ರೆ ವಾಪಸ್ ಕೊಡಲು ಬಂದರು. ಅವರದು ಬಾಂಗ್ಲಾದೇಶದ ಮೈಮನ್‌ಸಿಂಗ್. ಟ್ರೇ ನೋಡಿ ನಿಂತುಬಿಟ್ಟರು. ಬ್ರಹ್ಮಪುತ್ರ ಮೊದಲು ಹೀಗೇ ತಮ್ಮೂರಿನ ಮೇಲೆ ಹರಿಯುತ್ತಿತ್ತಂತೆ. ಆಮೇಲೆ ದೊಡ್ಡ ನೀರೆಲ್ಲ ಜಮುನಾದ ಕಡೆ ಹೊರಳಿತಂತೆ. “ಹೆಸರು ಮಾತ್ರ ನಮಗೆ ಬಿಟ್ಟು ಹೋಯಿತು,” ಎಂದು ಹಿಂದಿಯಲ್ಲಿ ಹೇಳಿದರು. ಅಟ್ಲಾಸ್ ತೆರೆದೆ. ಕೂದಲೆಳೆಯಂಥ ಗೆರೆಯ ಪಕ್ಕ ‘ಹಳೆಯ ಬ್ರಹ್ಮಪುತ್ರ’ ಎಂದಿತ್ತು. ಅಷ್ಟು ವರ್ಷ ಕಲಿಸಿಯೂ ನನಗದು ಗೊತ್ತಿರಲಿಲ್ಲ.

ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗಬೇಕು? ಇಡೀ ಪಾಠವನ್ನು ಆ ತಿರುವಿನ ಮೇಲೆಯೇ ಕಟ್ಟಿದೆ. ಮರುದಿನ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು, ನೋಡುತ್ತಿರಿ, ನದಿ ತನ್ನ ಹಳೆಯ ಹಾದಿ ಹಿಡಿಯುತ್ತದೆ ಎಂದೆ.

ನೀರು ತಲೆ ತಗ್ಗಿಸಿಕೊಂಡು ಜಮುನಾದಲ್ಲಿ ಇಳಿಯಿತು. ಮತ್ತೆ ಸುರಿದೆ. ಮತ್ತೆ ಜಮುನಾ. ಮಕ್ಕಳು ಕಿಸಕ್ಕೆಂದರು. ಹಿಂದೆ ಕುಳಿತಿದ್ದ ಟೀಚರ್ ಬಹಳ ಮೆತ್ತಗೆ, “ಲವ್ಲಿ, ಥ್ಯಾಂಕ್ ಯೂ,” ಎಂದರು. ಆ ದನಿಯಲ್ಲೇ ಗೊತ್ತಾಯಿತು, ಕೆಲಸ ಸಿಗುವುದಿಲ್ಲ ಎಂದು. ಸಿಗಲೂ ಇಲ್ಲ.

ಒದ್ದೆ ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಕೋಟು ಸಹ ಬಿಚ್ಚದೆ, ಅದೇ ಮೇಜಿನ ಮೇಲೆ ಮರಳು ಸರಿಪಡಿಸಿ ಒಂದು ತಂಬಿಗೆ ಸುರಿದೆ. ಪೂರ್ವಕ್ಕೆ ತಿರುಗಿತು.

ಯಾಕೆ ಎಂದು ಇಂದಿಗೂ ನನಗೆ ತಿಳಿಯದು. ಕೇಳಿದವರಿಗೆಲ್ಲ ಹೇಳಿದ್ದೇನೆ, ಯಾರೂ ಬಗೆಹರಿಸಿಲ್ಲ. ಮನೆಯಲ್ಲಿ ಏರು ಹತ್ತಿದ್ದನ್ನು ಹೇಗೋ ಕ್ಷಮಿಸಿಯೇನು. ಶಾಲೆಯಲ್ಲಿ ಇಳಿಜಾರಿಗೆ ಹರಿದದ್ದನ್ನು ಮಾತ್ರ ಕ್ಷಮಿಸಲಾಗಿಲ್ಲ.