ಏಳು ದಿನದ ಸೈಕಲ್

ಊರು ಬಿಟ್ಟು ರಾಯದುರ್ಗಕ್ಕೆ ಬಂದವಳು, ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಲೇ ಅರ್ಧ ಆಯುಷ್ಯ ಕಳೆದೆ. ಸೊಂಟ ಹೋಯಿತು, ಕಣ್ಣು ಮಂಜಾಯಿತು. ಅದನ್ನೆಲ್ಲ ಹೇಳಿಕೊಂಡು ಅಳುವ ತ್ರಾಣವೂ ಈಗಿಲ್ಲ. ಆದರೆ ಒಂದು ಮಧ್ಯಾಹ್ನ ಸಿಟ್ಟಿನಲ್ಲಿ ಆಡಿದ ಒಂದು ಮಾತು ಮಾತ್ರ ಇನ್ನೂ ನನ್ನನ್ನು ಸುಡುತ್ತದೆ.

ನಮ್ಮ ಹೊಲಿಗೆ ಯೂನಿಟ್ಟಿನಲ್ಲಿ ಇಸ್ತ್ರಿ ಮಾಡುತ್ತಿದ್ದ ತಾತ ಒಂದು ಕಾಲಕ್ಕೆ ಸೈಕಲ್ ಸರ್ಕಸ್ಸಿನವರು. ಊರೂರಿಗೆ ಹೋಗಿ, ಏಳು ದಿನ ಕೆಳಗಿಳಿಯದೆ ಮೈದಾನದಲ್ಲಿ ಸೈಕಲ್ ಸುತ್ತುವುದು ಅವರ ಆಟ. ಊಟ, ಸ್ನಾನ, ಗಡ್ಡ ಹೆರೆದುಕೊಳ್ಳುವುದು ಎಲ್ಲ ಅದರ ಮೇಲೆಯೇ. ಸಂಜೆ ಮೈಕಿನಲ್ಲಿ ಹಾಡು ಹಾಕಿ ಎದೆಗೆ ಟ್ಯೂಬ್‌ಲೈಟ್ ಒಡೆಸಿಕೊಳ್ಳುತ್ತಿದ್ದರು. ಕಾಲು ನೆಲಕ್ಕೆ ತಾಗಿತೋ ಆಟ ಮುಗಿಯಿತು, ಮಾನವೂ ಹೋಯಿತು. ಬೆಳುಗುಪ್ಪದ ಕಡೆಯ ನಮ್ಮೂರಿಗೂ ಬಂದಿದ್ದರು. ದಿನಕ್ಕೊಂದು ಮನೆಯವರು ರೊಟ್ಟಿ ಒಯ್ಯಬೇಕು, ಅವರು ಸುತ್ತುತ್ತಲೇ ಕೈಚಾಚಿ ಇಸಿದುಕೊಳ್ಳಬೇಕು.

ನಾಲ್ಕನೇ ದಿನ ನಮ್ಮ ಮನೆಯ ಸರದಿ. ನನಗಾಗ ಐದು ವರ್ಷವಿರಬಹುದು. ಉರಿಬಿಸಿಲಿಗೆ ಅವ್ವ, ನಾನು, ಅವರು ಬಿಟ್ಟರೆ ಮೈದಾನದಲ್ಲಿ ನರಪಿಳ್ಳೆ ಇರಲಿಲ್ಲ. ಅವರ ಎಡಗಾಲು ಮಣ್ಣಿಗೆ ಊರಿದ್ದನ್ನು ಕಣ್ಣಾರೆ ಕಂಡೆ. "ಯಾರ ಮುಂದೂ ಅನಬ್ಯಾಡ" ಎಂದು ಅವ್ವ ನನ್ನ ಬಾಯಿ ಮುಚ್ಚಿದಳು. ಇಷ್ಟೇ ನೆನಪು.

ಯೂನಿಟ್ಟಿಗೆ ಸೇರಿದ ದಿನವೇ ತಾತ ನನ್ನ ಊರು ಯಾವುದು, ಯಾರ ಮಗಳು ಎಂದೆಲ್ಲ ಕೇಳಿದ್ದರು. ಹೇಳಿದೆ. "ದೊಡ್ಡಾಕಿ ಆಗೀಯಲ್ಲವ್ವ" ಎಂದು ನಕ್ಕು ಇಸ್ತ್ರಿಗೆ ತಿರುಗಿದರು. ವಯಸ್ಸಾದವರ ಮಾತು ಎಂದುಕೊಂಡೆ.

ಆ ಮಧ್ಯಾಹ್ನ ನನ್ನ ಬಂಡಲ್ ಪೂರ್ತಿ ವಾಪಸ್ ಬಂದಿತ್ತು, ಜೇಬೆಲ್ಲ ಸೊಟ್ಟ. ಬಿಚ್ಚುತ್ತ ಕೂತಿದ್ದೆ. ಆಚೆ ತಾತ ಎಂದಿನಂತೆ, "ಏಳು ದಿನ ಅಂದ್ರ ಏಳು ದಿನ. ಯಾವೂರಾಗೂ ಕಾಲು ಇಟ್ಟಾಂವಲ್ಲ ನಾನು" ಎನ್ನುತ್ತಿದ್ದರು. ಹುಡುಗರು ನನ್ನ ಕಡೆ ತಿರುಗಿದರು.

"ಅಕ್ಕಾ, ನಿಮ್ಮೂರಾಗೂ ಆಡ್ಯಾರಂತಲ್ಲ, ಖರೇ ಏನ್ರಿ?"

"ನನ್ನ ತಲೀ ತಿನ್ನಬ್ಯಾಡ್ರೋ! ಕಾಲು ಇಟ್ಟಾರ, ನಾಲ್ಕನೇ ದಿನ. ನಾನೇ ನೋಡೀನಿ!"

ಯೂನಿಟ್ಟಿಗೆ ಯೂನಿಟ್ಟೇ ಗೊಳ್ಳೆಂದಿತು. ತಾತನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹಾಗೇ ನಿಂತಿತು. "ಹೌದ್ರಪ್ಪ, ಇಟ್ಟಿದ್ದೆ" ಎಂದವರೇ ಮುಂದಿನ ಪ್ಯಾಂಟಿಗೆ ಬಗ್ಗಿದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

"ನಿನ್ನ ಬಾಯಾಗ ಮಣ್ಣು ಬೀಳ! ರೊಟ್ಟಿ ನಾ ಕೊಡ್ತೀನಂತ ಕೈ ಕೊಸರಿಕೊಂಡು ಗಾಲಿಗೇ ಅಡ್ಡ ಓಡಿದ್ಯಲ್ಲೇ. ಆತ ಕಾಲು ಕೊಟ್ಟು ನಿಲ್ಲಿಸಿದ್ದಕ್ಕ ನಿನ್ನ ಮುಖ ಉಳದೈತಿ. ಯಾರಿಗೂ ಹೇಳಂಗಿಲ್ಲಂತ ಕೈಮುಗದು ಮಾತು ಕೊಟ್ಟಿದ್ದೆ ನಾನು."

ನಾಚಿಕೆಯಾಯಿತು, ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಮಷಿನ್ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ ನಡೆದದ್ದನ್ನು ನಡೆದಂತೆ ಹೇಳಿದೆ. ತಾತನ ಕೈ ಹಿಡಿದು ಕೇಳಿದೆ: "ನಿನ್ನೆ ಯಾಕ ಬಾಯಿ ಬಿಡ್ಲಿಲ್ರಿ?"

"ಹೇಳಿದ್ರ ತಪ್ಪು ನಿನ್ನ ಮ್ಯಾಲೆ ಹಾಕ್ದಂಗ ಆಗ್ತಿತ್ತಲ್ಲವ್ವ. ಕೂಸು, ನಿನಗೇನು ಗೊತ್ತಿತ್ತು?"

ಹುಡುಗರು ಪಾಪ ಎಂದರು, ಒಬ್ಬ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದ. ಆಮೇಲೆ ಮಷಿನ್‌ಗಳು ಶುರುವಾದವು. ಚಹಾದ ಹೊತ್ತಿಗೆ ಆ ತುದಿಯಿಂದ ಕಾಲು ಮುಟ್ಟಿದ ಹುಡುಗನೇ ಕೂಗಿದ:

"ಓ ಕಾಲಿಟ್ಟ ತಾತ, ಬಂಡಲ್ ತಗೊಂಡು ಬರ್ರಿ!"

ಅವನಲ್ಲಿ ಕುಹಕವೇನೂ ಇರಲಿಲ್ಲ. ಹಿಂದಿನ ದಿನದ ನಗೆಯಿಂದ ರಾತ್ರಿ ಬೆಳಗಾಗುವುದರೊಳಗೆ ತಾತನಿಗೆ ಆ ಹೆಸರೇ ನಿಂತುಬಿಟ್ಟಿತ್ತು.

"ಬಂದೆಪ್ಪಾ" ಎಂದು ತಾತ ಬಂಡಲ್ ಎತ್ತಿಕೊಂಡು ಹೋದರು.